ಮಣ್ಣು ಹಸಿ ಇದೆ, ಆದರೂ ಪೀಸ್ ಲಿಲಿ ಜೋತುಬಿದ್ದಿದೆ: ಪಾಟ್ ಬದಲಿಸಿ ಹನ್ನೆರಡು ದಿನ, ನೀರು ಹಾಕಲೋ ಬೇಡವೋ?

ಕಿಟಕಿಕುಂಡ:

ಊರು ಬೆಂಗಳೂರು, ತಿಂಗಳು ಆಗಸ್ಟ್. ಗಿಡ ಪೀಸ್ ಲಿಲಿ, ಪೂರ್ವದ ಕಿಟಕಿಯಿಂದ ನಾಲ್ಕಡಿ ಒಳಗಿದೆ. ನರ್ಸರಿಯಿಂದ ಬಂದಾಗ ಸುಮಾರು 5 ಇಂಚು ಅಗಲದ ಕಪ್ಪು ಪಾಲಿಥಿನ್ ಚೀಲದಲ್ಲಿ, ಕೆಂಪು ಮಣ್ಣಿನಲ್ಲಿತ್ತು. ಬೇರಿಗೆ ಪೆಟ್ಟಾಗದಿರಲಿ ಎಂದು ಮಣ್ಣಿನ ಉಂಡೆ ಒಡೆಯದೆ ಹಾಗೇ 10 ಇಂಚಿನ ಸೆರಾಮಿಕ್ ಪಾಟ್‌ಗೆ ಇಳಿಸಿದೆ. ಸುತ್ತ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಸಮಸಮ. ತಳದಲ್ಲಿ 2 ಇಂಚು ಜಲ್ಲಿ, ಕೆಳಗೆ ಒಂದೇ ತೂತು. ಎರಡು ದಿನಕ್ಕೊಮ್ಮೆ ಒಂದು ಲೋಟ, ಅಂದರೆ 250 ಮಿ.ಲೀ. ನೀರು.

ಹನ್ನೆರಡನೇ ದಿನಕ್ಕೆ ಎಲೆಗಳೆಲ್ಲ ಪಾಟ್‌ನ ಅಂಚಿಗೆ ಒರಗಿವೆ, ಕೆಳಗಿನ ನಾಲ್ಕು ಹಳದಿ. ಬೆರಳಿಟ್ಟರೆ ಮೇಲ್ಮಣ್ಣು ಹಸಿ. ನೀರು ಹಾಕಲೇ, ಬಿಡಲೇ? ಜಲ್ಲಿ ಇದ್ದೂ ನೀರು ನಿಲ್ಲುತ್ತದೆಯೇ? ಇದೇ ಥರ ಕೆಂಪು ಮಣ್ಣಿನ ಚೀಲದಲ್ಲಿ ಒಂದು ಝೀಝೀ ಪ್ಲಾಂಟ್, ಒಂದು ಸ್ನೇಕ್ ಪ್ಲಾಂಟ್ ಕೂಡ ಕಾಯುತ್ತಿವೆ. ಅವನ್ನು ಈಗಲೇ ಬದಲಿಸಬಹುದೇ?

ಬೇರುಬಿಳಲು:

ಸದ್ಯ ನೀರು ನಿಲ್ಲಿಸಿ. ಎಲೆ ಜೋತುಬಿತ್ತೆಂದರೆ ಎಲೆಗೆ ನೀರು ತಲುಪುತ್ತಿಲ್ಲ ಎಂದಷ್ಟೇ ಅರ್ಥ. ಮಣ್ಣು ಒಣಗಿದ್ದರೂ ತಲುಪದು, ಮಣ್ಣಲ್ಲಿ ನೀರು ತುಂಬಿ ಬೇರು ಉಸಿರುಕಟ್ಟಿ ಸತ್ತಿದ್ದರೂ ತಲುಪದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಎರಡನೆಯದಕ್ಕೆ ಇನ್ನೊಂದು ಲೋಟ ಹಾಕಿದಿರೋ, ಕಥೆ ಮುಗಿಯಿತು.

ಬೆರಳು ನಿಮಗೆ ತಿಳಿಸಿದ್ದು ಮೇಲಿನ ಒಂದೂವರೆ ಇಂಚಿನ ಸುದ್ದಿ ಮಾತ್ರ. ಈ ಪಾಟ್‌ನೊಳಗೆ ಎರಡು ಬೇರೆ ಬೇರೆ ಮಣ್ಣಿವೆ: ನಡುವೆ ಜಿಗುಟು ಕೆಂಪು ಮಣ್ಣಿನ ಉಂಡೆ, ಸುತ್ತ ಸಡಿಲ ಕೋಕೋಪೀಟ್. ಎರಡೂ ಒಂದೇ ವೇಗದಲ್ಲಿ ಒಣಗುವುದಿಲ್ಲ, ಒಂದೇ ವೇಗದಲ್ಲಿ ನೆನೆಯುವುದೂ ಇಲ್ಲ. ಉಂಡೆಯ ರಂಧ್ರಗಳು ತೀರಾ ಸಣ್ಣವು, ಹಾಗಾಗಿ ಸುತ್ತಲಿನ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ. ಬೇಸಿಗೆಯಲ್ಲಿ ಇದು ತಿರುಗುಮುರುಗು. ಉಂಡೆ ಒಮ್ಮೆ ಪೂರ್ತಿ ಒಣಗಿ ಕುಗ್ಗಿತೆಂದರೆ, ಮೇಲಿಂದ ಹಾಕಿದ ನೀರು ಅದರ ಪಕ್ಕದ ಸಂದಿಯಲ್ಲಿ ಇಳಿದು ತಟ್ಟೆಗೆ ಬರುತ್ತದೆ. ತಟ್ಟೆ ತುಂಬಿತು, ನೀರು ಸಾಕಾಯಿತು ಎಂದು ನಾವಂದುಕೊಳ್ಳುತ್ತೇವೆ. ಬೇರುಗಳೆಲ್ಲ ಇರುವ ಉಂಡೆಯ ಒಳಗೆ ಒಂದು ಹನಿಯೂ ಹೋಗಿರುವುದಿಲ್ಲ.

ನಿಮ್ಮದು ಯಾವುದು ಎಂದು ತಿಳಿಯಲು ಕಬಾಬ್ ಚುಚ್ಚುವ ಬಿದಿರು ಕಡ್ಡಿ ಎರಡು ತಗೊಳ್ಳಿ. ಅದಿಲ್ಲದಿದ್ದರೆ ತೆಂಗಿನ ಪೊರಕೆಯ ಬುಡದ ದಪ್ಪ ಕಡ್ಡಿ. ಒಂದನ್ನು ಪಾಟ್‌ನ ಅಂಚಿನಿಂದ ಒಂದಿಂಚು ಒಳಗೆ, ಇನ್ನೊಂದನ್ನು ಕಾಂಡದಿಂದ ಒಂದೂವರೆ ಇಂಚು ದೂರದಲ್ಲಿ ಚುಚ್ಚಿ, ತಳದವರೆಗೂ ಇಳಿಸಿ. ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಬಣ್ಣ ಎಲ್ಲಿಯವರೆಗೆ ಕಪ್ಪಾಗಿದೆ, ಏನು ಅಂಟಿದೆ, ವಾಸನೆ ಹೇಗಿದೆ, ಮೂರನ್ನೂ ಬರೆಯಿರಿ.

ಕಿಟಕಿಕುಂಡ:

ಅಂಚಿನ ಕಡ್ಡಿ ಉದ್ದಕ್ಕೂ ಒದ್ದೆ, ಕೋಕೋಪೀಟ್ ಪುಡಿ ಅಂಟಿದೆ, ಕಾಡಿನ ಮಣ್ಣಿನ ವಾಸನೆ. ನಡುವಿನದು 2 ಇಂಚಿಗೆ ತಡೆಯಿತು, ಒತ್ತಿದ ಮೇಲೆ ಇಳಿಯಿತು. ಹೊರಬಂದಾಗ ಕೆಂಪು ಜೇಡಿ ಬೆಣ್ಣೆಯಂತೆ ಮೆತ್ತಿಕೊಂಡಿತ್ತು. ವಾಸನೆ ಮೋರಿಯದೇ.

ಬೇರುಬಿಳಲು:

ಮೋರಿ ವಾಸನೆ ಬಂತೆಂದರೆ ಆಮ್ಲಜನಕ ಮುಗಿದಿದೆ, ಕೊಳೆತ ಶುರುವಾಗಿದೆ. ಇದಕ್ಕೆ ಋತು ಕಾಯಬೇಡಿ, ಇವತ್ತೇ ಬಿಚ್ಚಿ.

ಬೇಕಾದದ್ದು: ಎರಡು ಬಕೆಟ್ ನೀರು, ಕೈಗವಸು (ಪೀಸ್ ಲಿಲಿಯ ರಸ ಚರ್ಮಕ್ಕೆ ತುರಿಕೆ ತರುತ್ತದೆ, ಅದರಲ್ಲಿ ಸುವರ್ಣಗೆಡ್ಡೆಯಲ್ಲಿರುವಂಥದೇ ಆಕ್ಸಲೇಟ್ ಸೂಜಿಗಳಿವೆ), ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿ, ತೂತಿರುವ 5 ಅಥವಾ 6 ಇಂಚಿನ ಸಾದಾ ಪ್ಲಾಸ್ಟಿಕ್ ಪಾಟ್.

ಗಿಡವನ್ನು ಉಂಡೆ ಸಮೇತ ಹೊರತೆಗೆದು ಮೊದಲ ಬಕೆಟ್‌ನಲ್ಲಿ ಅರ್ಧ ಮುಕ್ಕಾಲು ಗಂಟೆ ಮುಳುಗಿಸಿಡಿ. ಜೇಡಿ ತಾನಾಗಿ ಸಡಿಲವಾಗುತ್ತದೆ. ಆಮೇಲೆ ನೀರಿನೊಳಗೇ ಉಂಡೆಯನ್ನು ಕೆಳಗಿನಿಂದ ಹಿಸುಕುತ್ತಾ ಬನ್ನಿ, ಮೇಲಿಂದ ಜಗ್ಗಬೇಡಿ. ಎರಡನೇ ಬಕೆಟ್‌ನಲ್ಲಿ ಅಲ್ಲಾಡಿಸಿ ತೊಳೆಯಿರಿ. ನಲ್ಲಿಯ ಕೆಳಗೆ ಹಿಡಿದು ರಭಸದ ನೀರು ಬಿಟ್ಟರೆ ಕೂದಲಿನಂಥ ಬೇರುಗಳು ಹೋಗುತ್ತವೆ. ನಡುವೆ ನಿಂಬೆಹಣ್ಣಿನಷ್ಟು ಮಣ್ಣು ಬಿಡದಿದ್ದರೆ ಬಿಟ್ಟುಬಿಡಿ, ಅಷ್ಟರಿಂದ ಏನೂ ಆಗದು.

ಈಗ ಬೇರು ನೋಡಿ. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಳ್ಳೆಯ ಬೇರು ಬೆಳ್ಳಗೆ ಅಥವಾ ಕೆನೆ ಬಣ್ಣಕ್ಕೆ, ಬೀನ್ಸ್‌ನಂತೆ ಗಟ್ಟಿಯಾಗಿರುತ್ತದೆ. ಸತ್ತ ಬೇರಿನ ಸಿಪ್ಪೆ ಕಾಲುಚೀಲ ಕಳಚಿದಂತೆ ಬೆರಳಿಗೆ ಬರುತ್ತದೆ, ಒಳಗಿನ ದಾರ ಮಾತ್ರ ಗಿಡದಲ್ಲಿ ಉಳಿಯುತ್ತದೆ. ಕಂದು ಬಣ್ಣ ಕಂಡ ಮಾತ್ರಕ್ಕೆ ಕತ್ತರಿಸಬೇಡಿ, ಕೆಂಪು ಮಣ್ಣು ಬೇರಿಗೂ ಬಣ್ಣ ಹತ್ತಿಸಿರುತ್ತದೆ. ಈ ಎಳೆಯುವ ಪರೀಕ್ಷೆಯೇ ಸರಿಯಾದದ್ದು. ಸಿಪ್ಪೆ ಕಳಚಿದ್ದನ್ನೆಲ್ಲ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ.

ಬೇರು ಅರ್ಧ ಹೋದರೆ ಎಲೆಯೂ ಹೆಚ್ಚುಕಡಿಮೆ ಅಷ್ಟೇ ಹೋಗಬೇಕು: ಮೊದಲು ಹಳದಿಯವು, ಆಮೇಲೆ ಹೊರಸುತ್ತಿನ ಹಳೆಯವು, ಹೂವಿದ್ದರೆ ಕಡ್ಡಿ ಸಮೇತ. ದಾಲ್ಚಿನ್ನಿ ಪುಡಿ ಹಚ್ಚುವ ಪದ್ಧತಿ ಎಲ್ಲೆಡೆ ಓದಿರುತ್ತೀರಿ. ಬೇರಿಗೆ ಬೇಡ, ಅದು ನೀರು ಹೀರಬೇಕಾದ ಎಳೆ ಬೇರನ್ನೇ ಒಣಗಿಸುತ್ತದೆ.

ಮಿಶ್ರಣ ಅಳತೆ ಲೆಕ್ಕದಲ್ಲಿ, ತೂಕದಲ್ಲಲ್ಲ: ತೊಳೆದ ಕೋಕೋಪೀಟ್ 2 ಪಾಲು, ಎರೆಗೊಬ್ಬರ ಅರ್ಧದಿಂದ ಒಂದು ಪಾಲು, ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಬಿಳಿ, ಹಗುರ ಕಲ್ಲಿನ ಕಾಳು) ಅಥವಾ ಸುಟ್ಟ ಭತ್ತದ ಹೊಟ್ಟು 1 ಪಾಲು, ಇದ್ದಿಲ ಚೂರು ಒಂದು ಹಿಡಿ. ನಿಮ್ಮ ಗಿಡದ ಬೇರು ಈಗ ಗಾಯಗೊಂಡಿರುವುದರಿಂದ ಎರೆಗೊಬ್ಬರ ಅರ್ಧ ಪಾಲೇ ಸಾಕು. ತೂತಿನ ಮೇಲೆ ಸೊಳ್ಳೆಪರದೆಯ ಒಂದು ಚೂರು, ಬೇರೇನೂ ಬೇಡ. ಬುಡ ಮೊದಲೆಷ್ಟು ಆಳದಲ್ಲಿತ್ತೋ ಅಷ್ಟೇ ಇರಲಿ. ಮಿಶ್ರಣ ಸುರಿದು ಪಾಟ್‌ನ ಪಕ್ಕ ನಾಲ್ಕು ಸಲ ತಟ್ಟಿ. ಹೆಬ್ಬೆರಳಿಂದ ಒತ್ತಿ ಗಟ್ಟಿ ಮಾಡಿದರೆ ಈಗಷ್ಟೇ ಕೊಟ್ಟ ಗಾಳಿಯನ್ನು ನೀವೇ ಕಿತ್ತುಕೊಂಡಂತೆ. ತಳದಿಂದ ಇಳಿಯುವವರೆಗೆ ಒಮ್ಮೆ ನೀರು ಕೊಟ್ಟು, ಬೆಳಕಿರುವ ಆದರೆ ಬಿಸಿಲು ಬೀಳದ ಜಾಗದಲ್ಲಿಡಿ. ಎಲೆ ತೀರಾ ಬಾಡಿದ್ದರೆ ದೊಡ್ಡ ಪಾರದರ್ಶಕ ಪಾಲಿಥಿನ್ ಕವರನ್ನು ಸಡಿಲವಾಗಿ ಮುಸುಕು ಹಾಕಿ, ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ವಾರದ ನಂತರ ತೆಗೆಯಿರಿ.

ಜರಡಿಮಣ್ಣು:

ಜಲ್ಲಿಯ ಪ್ರಶ್ನೆ ಉಳಿದಿದೆ, ಅದಕ್ಕೆ ನಾನು ಬರೆಯುತ್ತೇನೆ. ನರ್ಸರಿಯವರೂ ತಳಕ್ಕೆ ಜಲ್ಲಿ ಹಾಕಿ ಅಂತಲೇ ಹೇಳಿ ಕಳಿಸುತ್ತಾರೆ.

ಪಾತ್ರೆ ತಿಕ್ಕುವ ಹೊಸ ಸ್ಪಾಂಜ್ ಒಂದನ್ನು ನೀರಲ್ಲಿ ಅದ್ದಿ, ಹಿಂಡದೆ ಅಂಗೈ ಮೇಲೆ ಅಡ್ಡ ಮಲಗಿಸಿ ಹಿಡಿಯಿರಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನು ಮೂಲೆ ಕೆಳಗಾಗುವಂತೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಾಂಜ್ ಅದೇ, ನೀರೂ ಅದೇ. ಯಾವುದೇ ರಂಧ್ರಮಯ ವಸ್ತುವಿನ ತಳದಲ್ಲಿ ಇಂತಿಷ್ಟು ಎತ್ತರದವರೆಗೆ ನೀರು ಇಳಿಯದೆ ನಿಂತೇ ನಿಲ್ಲುತ್ತದೆ. ಆ ಎತ್ತರ ನಿರ್ಧಾರವಾಗುವುದು ರಂಧ್ರಗಳ ಗಾತ್ರದಿಂದ, ಪಾಟ್‌ನ ಎತ್ತರದಿಂದಲ್ಲ. ಕೆಳಗೆ ಜಲ್ಲಿ ಹಾಸಿದರೆ ಆ ಒದ್ದೆ ಪದರ ಮಾಯವಾಗುವುದಿಲ್ಲ, ಜಲ್ಲಿಯ ಮೇಲಕ್ಕೆ ಏರಿ ಕೂರುತ್ತದೆ. ಅಂದರೆ ನೀವು ಎರಡಿಂಚು ಜಲ್ಲಿ ಹಾಕಿ ಕೆಸರನ್ನು ಎರಡಿಂಚು ಬೇರಿನ ಹತ್ತಿರ ತಂದಿದ್ದೀರಿ. ಗಾಳಿಯಾಡಲು ದಪ್ಪ ಕಣ ಬೇಕು ನಿಜ, ಆದರೆ ಅದು ಮಿಶ್ರಣದೊಳಗೆ ಬೆರೆತಿರಬೇಕು.

ಇನ್ನು ಪಾಟ್‌ನ ಅಳತೆ. ಐದರಿಂದ ಹತ್ತು ಇಂಚಿಗೆ ಅಂದರೆ ಕಿವಿಗೆ ದುಪ್ಪಟ್ಟು. ಹಿಡಿಯುವ ಮಣ್ಣಿನ ಲೆಕ್ಕದಲ್ಲಿ ಹಾಗಲ್ಲ: ಆ ಚೀಲದಲ್ಲಿ ಒಂದರಿಂದ ಒಂದೂವರೆ ಲೀಟರ್ ಮಣ್ಣಿರುತ್ತದೆ, 10 ಇಂಚಿನ ಪಾಟ್ ಸುಮಾರು 10 ಲೀಟರ್ ಹಿಡಿಯುತ್ತದೆ. ಬೇರಿಲ್ಲದ ಅಷ್ಟೂ ಕೋಕೋಪೀಟ್‌ನಿಂದ ನೀರು ಕುಡಿಯುವವರು ಯಾರೂ ಇಲ್ಲ. ಆಗಸ್ಟ್‌ನ ಮೋಡ, ಮನೆಯೊಳಗೆ ಗಾಳಿ ಇಲ್ಲ, ಸೆರಾಮಿಕ್ ಗೋಡೆಯಿಂದ ತೇವ ಆರುವುದಿಲ್ಲ. ಒಂದು ಸಲಕ್ಕೆ ಒಂದರಿಂದ ಎರಡು ಇಂಚು ಮಾತ್ರ ಹಿರಿದಾದ ಪಾಟ್, ಅದಕ್ಕಿಂತ ಹೆಚ್ಚು ಬೇಡ. ಚೆಂದದ ಸೆರಾಮಿಕ್ ಪಾಟ್ ಹಾಳಾಗುವುದಿಲ್ಲ. ಪ್ಲಾಸ್ಟಿಕ್ ಪಾಟನ್ನು ಅದರೊಳಗೆ ಒಂದು ಮಣೆ ಥರದ್ದರ ಮೇಲೆ ಇಟ್ಟುಕೊಳ್ಳಿ. ನೀರು ಹಾಕುವಾಗ ಹೊರತೆಗೆದು, ಅರ್ಧ ಗಂಟೆ ಸೋರಲು ಬಿಟ್ಟು, ವಾಪಸ್ ಇಡಿ.

ಕೋಕೋಪೀಟ್ ಬಗ್ಗೆಯೂ ಒಂದು ಎಚ್ಚರಿಕೆ. 5 ಕಿಲೋ ಇಟ್ಟಿಗೆ ನೆನೆಸಿದರೆ 70 ಲೀಟರ್‌ನ ಆಸುಪಾಸು ಆಗುತ್ತದೆ, ನಿಮಗೆ 650 ಗ್ರಾಂನದ್ದೇ ಸಾಕು. ತೊಳೆಯದೆ ಬಳಸಬೇಡಿ. ತೆಂಗಿನ ನಾರಿನಲ್ಲಿ ಪೊಟ್ಯಾಶಿಯಂ, ಸೋಡಿಯಂ ಉಪ್ಪು ಇರುತ್ತದೆ, ನೆನೆಸಿದ ನೀರು ಚಹಾದ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಹಳೆಯ ಪಂಚೆಗೆ ಹಾಕಿ ಮೂರು ನೀರಿನಲ್ಲಿ ಹಿಂಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಹುದುಗಿಸಿದ ಕೋಕೋಪೀಟ್’ ಸಿಕ್ಕರೆ ಒಳ್ಳೆಯದು.

ಪರ್ಲೈಟ್ ಬದಲು ಎಂ-ಸ್ಯಾಂಡ್ ಹಾಕುವವರು ಜರಡಿ ಹಿಡಿಯದೆ ಹಾಕಬಾರದು. ಅದರ ಧೂಳು ಸಿಮೆಂಟಿನಂತೆ ರಂಧ್ರ ಮುಚ್ಚುತ್ತದೆ. ರವೆ ಜರಡಿಯ ಮೇಲೆ ಉಳಿದ ಕಾಳು ಮಾತ್ರ ತೊಳೆದು ಬಳಸಿ.

ಕಡಲದಂಡೆ:

ಮಂಗಳೂರು ಕಡೆಯ ಲೆಕ್ಕ ಬೇರೆ ಉಂಟು. ಮಳೆಗಾಲದಲ್ಲಿ ಇಲ್ಲಿ ಗಾಳಿಯೇ ಒದ್ದೆ. ಮೇಲಿನ ಮಿಶ್ರಣದಲ್ಲಿ ಕೋಕೋಪೀಟ್ ಒಂದು ಪಾಲಿಗೆ ಇಳಿಸಿ, ತೆಂಗಿನ ಸಿಪ್ಪೆಯ ತುಂಡು ಒಂದು ಪಾಲು ಸೇರಿಸಿದರೆ ಸರಿಹೋಗುತ್ತದೆ. ಸಿಪ್ಪೆಯನ್ನು ಅರ್ಧ ಇಂಚಿನ ಚೂರು ಮಾಡಿ ರಾತ್ರಿಯಿಡೀ ನೆನೆಸಿ, ನೀರು ಚೆಲ್ಲಿ, ಇನ್ನೆರಡು ಸಲ ಹಾಗೇ ಮಾಡಬೇಕು. ಮಣ್ಣಿನ ಕುಂಡವೇ ಇಲ್ಲಿಗೆ ಒಳ್ಳೆಯದು, ಗೋಡೆಯಿಂದಲೇ ಉಸಿರಾಡುತ್ತದೆ. ಅದೇ ಕುಂಡ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿದ್ದರೆ ಎರಡು ಹೊತ್ತೂ ನೀರು ಕೇಳೀತು. ಯಾವ ಕುಂಡ ಒಳ್ಳೆಯದು ಅಂತ ಊರು ಕೇಳದೆ ಹೇಳಲಿಕ್ಕಾಗುವುದಿಲ್ಲ ಮಾರಾಯ್ರೆ.

ಬೇರುಬಿಳಲು:

ಈಗ ಉಳಿದ ಎರಡು ಗಿಡ. ಝೀಝೀ, ಸ್ನೇಕ್ ಪ್ಲಾಂಟ್ ಎರಡನ್ನೂ ಈಗ ಮುಟ್ಟಬೇಡಿ. ಬೇರು ಚೆನ್ನಾಗಿರುವ ಗಿಡಕ್ಕೆ ಬೆಂಗಳೂರಲ್ಲಿ ಪಾಟ್ ಬದಲಿಸುವ ಕಾಲ ಫೆಬ್ರವರಿ ಕೊನೆಯಿಂದ ಜೂನ್ ಮೊದಲ ವಾರದವರೆಗೆ. ಆಗ ಕಡಿದ ಬೇರು ಬೇಗ ಚಿಗುರುತ್ತದೆ. ಝೀಝೀ ಬುಡದಲ್ಲಿ ಆಲೂಗೆಡ್ಡೆಯಂಥ ಗೆಡ್ಡೆ ಇರುತ್ತದೆ, ನೀರಿನ ದಾಸ್ತಾನು ಅಲ್ಲೇ. ಜೇಡಿ ಮಣ್ಣಿನಲ್ಲೂ ಫೆಬ್ರವರಿವರೆಗೆ ಆರಾಮಾಗಿ ಇರುತ್ತದೆ, ನೀವು ಕೈ ಬಿಗಿ ಹಿಡಿದರೆ ಸಾಕು. ಕಡ್ಡಿ ತಳದವರೆಗೂ ಒಣಗಿ ಬಂದು, ಅದಾದ ಮೇಲೂ ಒಂದು ವಾರ ಬಿಟ್ಟು ನೀರು. ಈ ಹವೆಯಲ್ಲಿ ಅದು ಮೂರು ನಾಲ್ಕು ವಾರಕ್ಕೊಮ್ಮೆ ಆದೀತು.

ಬದಲಿಸುವಾಗ ಇವೆರಡಕ್ಕೆ ಮಿಶ್ರಣ ಬೇರೆ: ಕೋಕೋಪೀಟ್ 1, ಎರೆಗೊಬ್ಬರ 1, ದಪ್ಪ ಕಣ 2. ದಪ್ಪ ಕಣ ಅಂದರೆ ಪ್ಯೂಮಿಸ್ (ತೂತುತೂತಾದ ಹಗುರ ಕಲ್ಲು), ಇಲ್ಲವೇ 5ರಿಂದ 8 ಮಿ.ಮೀ. ಇಟ್ಟಿಗೆ ಚೂರು. 5 ಲೀಟರ್‌ಗೆ ಒಂದು ಸಣ್ಣ ಹಿಡಿ ಬೇವಿನ ಹಿಂಡಿ. ಹಿಂಡಿ ಬೆರೆಸಿ ತೇವ ಮಾಡಿ ಒಂದು ವಾರ ಬಿಟ್ಟು ಆಮೇಲೆ ಬಳಸಿ. ಮೊದಲ ದಿನಗಳಲ್ಲಿ ಬಿಳಿ ಬೂಷ್ಟು ಬರುತ್ತದೆ, ಅದರಿಂದ ತೊಂದರೆಯಿಲ್ಲ. ಇವುಗಳ ಗೆಡ್ಡೆ ಅಥವಾ ಬೇರು ಕತ್ತರಿಸಿದರೆ ಎರಡು ಮೂರು ದಿನ ನೆರಳಲ್ಲಿ ಗಾಯ ಒಣಗಲು ಬಿಡಿ, ಮಿಶ್ರಣ ಆರಿ ಒಣಗಿದ ಮೇಲೆ ಅದರಲ್ಲಿ ನೆಡಿ, ಒಂದು ವಾರ ನೀರು ಬೇಡ. ಪೀಸ್ ಲಿಲಿಗೆ ಹೇಳಿದ್ದಕ್ಕೆ ತದ್ವಿರುದ್ಧ, ಗೊಂದಲ ಮಾಡಿಕೊಳ್ಳಬೇಡಿ.

ಸ್ನೇಕ್ ಪ್ಲಾಂಟ್ ಗೆಡ್ಡೆ ಕಿತ್ತಳೆ ಛಾಯೆಗೆ ಇರುತ್ತದೆ. ಕೊಳೆತಿದೆ ಅಂದುಕೊಂಡು ಕತ್ತರಿಸಿ ಎಸೆಯುವವರನ್ನು ನೋಡಿ ನೋಡಿ ಸಾಕಾಗಿದೆ. ಗಟ್ಟಿಯಿದ್ದರೆ ಅದು ಆರೋಗ್ಯವೇ.

ಕಿಟಕಿಕುಂಡ:

ಪೀಸ್ ಲಿಲಿ ಬಿಚ್ಚಿ ತೊಳೆದಾಯಿತು. ಮೂರರಲ್ಲಿ ಎರಡು ಪಾಲು ಬೇರಿನ ಸಿಪ್ಪೆ ಕಳಚಿತು. ಉಳಿದದ್ದು ಬಿಳಿ. ಏಳು ಎಲೆ ಬಿಟ್ಟು ಉಳಿದವನ್ನು ತೆಗೆದು, 5 ಇಂಚಿನ ಪಾಟ್‌ನಲ್ಲಿ ನೆಟ್ಟೆ. ಇನ್ನು ಮುಂದೆ ಎಷ್ಟು ದಿನಕ್ಕೊಮ್ಮೆ ನೀರು?

ಜರಡಿಮಣ್ಣು:

ದಿನದ ಲೆಕ್ಕ ಬಿಡಿ, ತೂಕದ ಲೆಕ್ಕಕ್ಕೆ ಬನ್ನಿ. ಅಡುಗೆಮನೆಯ ತಕ್ಕಡಿ ಸಾಕು. ನೀರು ಹಾಕಿ ಅರ್ಧ ಗಂಟೆ ಸೋರಿದ ಮೇಲೆ ತೂಗಿ, ಪಾಟ್‌ನ ಮೇಲೆ ಒಂದು ಟೇಪ್ ಅಂಟಿಸಿ ಬರೆದಿಡಿ. ಉದಾಹರಣೆಗೆ 1,150 ಗ್ರಾಂ ಬಂತು ಅನ್ನಿ. ಎರಡು ದಿನಕ್ಕೊಮ್ಮೆ ತೂಗುತ್ತಾ, ಕಡ್ಡಿಯನ್ನೂ ಚುಚ್ಚುತ್ತಾ ಹೋಗಿ. ಮೇಲಿನ ಮೂರನೇ ಒಂದು ಭಾಗ ಒಣಗಿ ಕೆಳಗೆ ಇನ್ನೂ ತಂಪು ಇರುವಾಗಿನ ತೂಕ, 850 ಇರಬಹುದು, ಅದೇ ನಿಮ್ಮ ಗೆರೆ. ಮುಂದಿನ ಸಲದಿಂದ ಕಡ್ಡಿ ಬೇಡ. ನಾಲ್ಕು ಸಲ ತೂಗಿದ ಮೇಲೆ ತಕ್ಕಡಿಯೂ ಬೇಡ, ಎತ್ತಿದರೆ ಕೈಗೇ ತಿಳಿಯುತ್ತದೆ.

ಗೆರೆಗೆ ಬಂದಾಗ ಒಂದು ಲೋಟ ಅಂತ ಅಳೆದು ಹಾಕಬೇಡಿ. ಇಡೀ ಮೇಲ್ಮೈ ತೋಯುವಂತೆ ಸುತ್ತಿಸಿ ಹಾಕಿ, ಹಾಕಿದ್ದರ ಹತ್ತನೇ ಒಂದು ಭಾಗವಾದರೂ ತೂತಿನಿಂದ ಹೊರಬರಬೇಕು. ತಟ್ಟೆಯ ನೀರು ಚೆಲ್ಲಿ. ಕೋಕೋಪೀಟ್ ತೀರಾ ಒಣಗಿದ್ದರೆ ನೀರನ್ನೇ ಒಳಬಿಡದು, ಮೇಲೆ ಮಣಿಯಂತೆ ಉರುಳುತ್ತದೆ. ಆಗ ಪಾಟ್‌ನ ಅರ್ಧದಷ್ಟು ನೀರಿರುವ ಬಕೆಟ್‌ನಲ್ಲಿ 20 ನಿಮಿಷ ಕೂರಿಸಿ.

ಅಂದಾಜು ಬೇಕೇ ಬೇಕು ಅನ್ನುವುದಾದರೆ: ಬೇರು ಮತ್ತೆ ತುಂಬಿದ ಮೇಲೆ ಈ ಹವೆಯಲ್ಲಿ ಆರರಿಂದ ಒಂಬತ್ತು ದಿನ, ಮಾರ್ಚ್ ಏಪ್ರಿಲ್‌ನಲ್ಲಿ ಮೂರು ನಾಲ್ಕು ದಿನ. ಈಗ ಬೇರು ಕಮ್ಮಿ, ಎಲೆಯೂ ಕಮ್ಮಿ. ಹತ್ತು ಹನ್ನೆರಡು ದಿನ ಹಿಡಿದರೂ ಗಾಬರಿಯಾಗಬೇಡಿ.

ನೀರು ಯಾವುದು ಅನ್ನುವುದೂ ಮುಖ್ಯ. ಕಾವೇರಿ ನೀರು, ಮಳೆನೀರು, ಎಸಿಯಿಂದ ತೊಟ್ಟಿಕ್ಕುವ ನೀರು ಮೂರೂ ಆಗುತ್ತವೆ. ಆರ್‌ಓ ಯಂತ್ರ ಹೊರಚೆಲ್ಲುವ ನೀರು ಬೇಡ, ಇದ್ದಬದ್ದ ಉಪ್ಪೆಲ್ಲ ಅದರಲ್ಲೇ. ಅಪಾರ್ಟ್‌ಮೆಂಟ್‌ನಲ್ಲಿ ಉಪ್ಪು ಹಾಕುವ ವಾಟರ್ ಸಾಫ್ಟನರ್ ಇದ್ದರೆ ಅದರ ನೀರೂ ಬೇಡ. ಅದು ಸುಣ್ಣವನ್ನು ತೆಗೆದು ಅದರ ಬದಲು ಸೋಡಿಯಂ ಕೊಡುತ್ತದೆ. ಬಟ್ಟೆಗೆ ಒಳ್ಳೆಯದು, ಬೇರಿಗೆ ಕೆಟ್ಟದ್ದು. ಕೊಳವೆಬಾವಿ ನೀರೇ ಗತಿ ಎನ್ನುವವರು ಎರಡು ತಿಂಗಳಿಗೊಮ್ಮೆ ಪಾಟ್‌ನ ಗಾತ್ರದ ಮೂರು ಪಟ್ಟು ಮಳೆನೀರು ಹರಿಸಿ ಉಪ್ಪು ತೊಳೆಯಿರಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಸ್ಪೈಡರ್ ಪ್ಲಾಂಟ್, ಡ್ರಸೀನಾ ಎಲೆತುದಿ ಅದರಿಂದಲೇ ಸುಟ್ಟಂತಾಗುತ್ತದೆ. ಅದಕ್ಕೆ ಇನ್ನಷ್ಟು ನೀರು ಹಾಕಿ ಪ್ರಯೋಜನವಿಲ್ಲ, ನೀರನ್ನೇ ಬದಲಿಸಬೇಕು.

ಅಕ್ಕಿ ತೊಳೆದ ನೀರು, ಚಹಾ ಚರಟ ಮನೆಯೊಳಗಿನ ಪಾಟ್‌ಗೆ ದಯವಿಟ್ಟು ಬೇಡ. ಮೂರನೇ ವಾರಕ್ಕೆ ಸಣ್ಣ ಕಪ್ಪು ನೊಣ ಮೂಗಿನ ಮುಂದೆ ಹಾರಾಡುತ್ತವೆ. ಬಂದಿದ್ದರೆ ಮೇಲಿನ ಒಂದಿಂಚು ಪೂರ್ತಿ ಒಣಗಲು ಬಿಟ್ಟು, ಹಳದಿ ಅಂಟುಪಟ್ಟಿಯನ್ನು ಮಣ್ಣಿನ ಮಟ್ಟಕ್ಕೇ ನೆಡಿ. ಮೇಲೆ ನೇತುಹಾಕಿದರೆ ಅರ್ಧವೂ ಬೀಳುವುದಿಲ್ಲ.

ಕಿಟಕಿಕುಂಡ:

ಮತ್ತೆ ನೆಟ್ಟ ಮೇಲಿನ ಹದಿನೆಂಟನೇ ದಿನದ ವರದಿ. ನೀರು ಹಾಕಿದ ದಿನ 1,040 ಗ್ರಾಂ, ಹನ್ನೊಂದನೇ ದಿನ 790. ಅಂದು ಮತ್ತೆ ನೀರು ಕೊಟ್ಟೆ. ಏಳರಲ್ಲಿ ಎರಡು ಎಲೆ ಹೋದವು, ಐದು ನೆಟ್ಟಗೆ ನಿಂತಿವೆ. ನಡುವೆ ಸುರುಳಿ ಸುತ್ತಿದ ಹೊಸ ಎಲೆಯ ಮೊನೆ ಅರ್ಧ ಇಂಚು ಬಂದಿದೆ. ನೀರಲ್ಲಿ ಕರಗುವ 19:19:19 ರಸಗೊಬ್ಬರ ಮನೆಯಲ್ಲಿದೆ, ಹಾಕಬಹುದೇ?

ಬೇರುಬಿಳಲು:

ಇನ್ನೂ ಬೇಡ. ಆ ಎಲೆ ಗೆಡ್ಡೆಯ ಹಳೆಯ ದಾಸ್ತಾನಿನಿಂದಲೂ ಬಂದಿರಬಹುದು, ಹೊಸ ಬೇರಿಗೆ ಅದು ಸಾಕ್ಷಿಯಲ್ಲ. ಎರಡನೇ ಎಲೆ ಪೂರ್ತಿ ಬಿಚ್ಚಿಕೊಳ್ಳಲಿ, ಮಧ್ಯೆ ತೂಕ ಇಳಿಯುವ ದಿನಗಳು ಹನ್ನೊಂದರಿಂದ ಎಂಟಕ್ಕೆ ಬರಲಿ. ಬೇರು ಕುಡಿಯುತ್ತಿದೆ ಎನ್ನಲು ಆ ಇಳಿಕೆಯೇ ಗುರುತು. ಆಮೇಲೆ ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ, ಒದ್ದೆ ಮಣ್ಣಿನ ಮೇಲೆ ಮಾತ್ರ.